ಒಪ್ಪಿದ್ದು ಜೋಳ, ಬಯಸಿದ್ದು ಭತ್ತ

ತುಂಗಭದ್ರಾ ಎಡದಂಡೆ ಕಾಲುವೆಗುಂಟ ಯಾವ ಊರಿನ ಕಟ್ಟೆಯ ಮೇಲೆ ಕೂತರೂ ಈ ಮಾತು ಕೇಳುತ್ತದೆ: "ಕಾಲುವಿ ಬಂತಂದ್ರ ನೆಲ್ಲು ಬಂದ ಬರ್ತೈತ್ರಿ. ಮಂದಿ ಆಸೆಗೆ ಅಡ್ಡ ನಿಲ್ಲಾಕ ಯಾರ ಕೈಲೆ ಆಗ್ತೈತಿ?" ಗಂಗಾವತಿಯ ರೈತರು ಹೀಗನ್ನುತ್ತಾರೆ, ಕಾರಟಗಿಯ ಗಿರಣಿಯವರು ಹೀಗನ್ನುತ್ತಾರೆ, ಕಾಲುವೆ ಮೇಲೆ ಜೀವಮಾನವಿಡೀ ದುಡಿದು ನಿವೃತ್ತರಾದ ನೌಕರರೂ ಹೀಗೇ ಅನ್ನುತ್ತಾರೆ. ನೀರಿಗಾಗಿ ವರ್ಷ ವರ್ಷವೂ ಬೀದಿಗಿಳಿಯುವ, ಕಾಲುವೆಯ ಕೊನೆ ಭಾಗದ ಮಾನ್ವಿ, ಸಿರವಾರ ಕಡೆಯವರೂ ಕೊನೆಗೊಮ್ಮೆ ಇದನ್ನೇ ಹೇಳಿ ಸುಮ್ಮನಾಗುವಷ್ಟು ಈ ಮಾತು ಬೇರು ಬಿಟ್ಟಿದೆ.

ಈ ಮಾತು ಸುಳ್ಳು. ಜಲಾಶಯದಲ್ಲಿ ತುಂಬಿದ ಹೂಳಿಗಿಂತ ಹೆಚ್ಚಿನ ಕೇಡನ್ನು ಇದು ಈ ನಾಡಿಗೆ ಮಾಡಿದೆ. ನ್ಯಾಯವೆಂದು ನಾವು ಒಪ್ಪುವುದು ಒಂದು, ಮನಸ್ಸು ಬಯಸುವುದು ಇನ್ನೊಂದು, ಈ ಎರಡೂ ಎಂದೂ ಕೂಡುವುದಿಲ್ಲ ಎಂಬ ತೀರ್ಪು ಇದರೊಳಗೆ ಅಡಗಿದೆ. ಆ ತೀರ್ಪನ್ನು ಒಪ್ಪಿಕೊಂಡರೆ ಮುಂದೆ ಏನನ್ನೂ ಮಾಡಬೇಕಿಲ್ಲ. ಸಭೆಯಲ್ಲಿ ಸಮಪಾಲಿನ ಬಗ್ಗೆ ಮಾತಾಡಬಹುದು, ಮನೆಗೆ ಬಂದು ಪಾಲಿಗಿಂತ ಹೆಚ್ಚು ನೀರು ಎಳೆಯಬಹುದು. ಎರಡೂ ಒಂದೇ ದಿನ ನಡೆದರೂ ಯಾರಿಗೂ ಮುಜುಗರವಾಗುವುದಿಲ್ಲ. ಮುನಿರಾಬಾದ್‌ನಲ್ಲಿ ಅಣೆಕಟ್ಟು ಕಟ್ಟಿ ಎಪ್ಪತ್ತು ವರ್ಷಗಳಿಗೂ ಹೆಚ್ಚಾಯಿತು. ಅಷ್ಟೂ ವರ್ಷ ನಾವು ಬದುಕಿದ್ದು ಹೀಗೆಯೇ.

ಅಣೆಕಟ್ಟು ಯಾಕೆ ಕಟ್ಟಿದರು ಎಂಬುದನ್ನು ಮೊದಲು ನೆನೆಯೋಣ. ತುಂಗಭದ್ರೆಗೆ ಕಟ್ಟೆ ಕಟ್ಟುವ ಯೋಚನೆಯನ್ನು 1860ರಲ್ಲೇ ಬ್ರಿಟಿಷ್ ಎಂಜಿನಿಯರ್ ಆರ್ಥರ್ ಕಾಟನ್ ಮುಂದಿಟ್ಟಿದ್ದರು. ಮದ್ರಾಸ್ ಪ್ರಾಂತ್ಯ ಮತ್ತು ನಿಜಾಮರ ಹೈದರಾಬಾದ್ ಸಂಸ್ಥಾನ ಒಂದು ಒಪ್ಪಂದಕ್ಕೆ ಬರಲು 1944ರ ತನಕ ಹಿಡಿಯಿತು. 1945ರಲ್ಲಿ ಅಡಿಗಲ್ಲು ಬಿತ್ತು, 1953ರಲ್ಲಿ ಕಾಲುವೆಗೆ ನೀರು ಹರಿಯಿತು. ಅಷ್ಟು ದೀರ್ಘ ಕಾಲದುದ್ದಕ್ಕೂ ಯೋಜನೆಯ ಹಿಂದಿದ್ದ ಕಾರಣ ಒಂದೇ, ಬರಗಾಲ. ಬಳ್ಳಾರಿ, ರಾಯಚೂರು, ಅನಂತಪುರ, ಕರ್ನೂಲು ಸೀಮೆಯ ಜನ ಮಳೆ ಕೈಕೊಟ್ಟಾಗಲೆಲ್ಲ ದನಕರು ಮಾರಿ, ಮನೆಗೆ ಬೀಗ ಹಾಕಿ ಊರು ಬಿಡುತ್ತಿದ್ದರು. ಅವರ ಹೊಲಕ್ಕೆ ಒಂದೆರಡು ಸಲ ನೀರು ಸಿಕ್ಕರೆ ಜೋಳ, ಸಜ್ಜೆ, ಹತ್ತಿ, ಶೇಂಗಾ ಉಳಿಯುತ್ತವೆ, ಅದರಿಂದ ಜೀವ ಉಳಿಯುತ್ತದೆ ಎಂಬುದು ಲೆಕ್ಕ. ಕಡಿಮೆ ನೀರನ್ನು ಹೆಚ್ಚು ಹೊಲಗಳಿಗೆ ಹಂಚುವುದೇ ಯೋಜನೆಯ ಪ್ರಾಣ. ಅದಕ್ಕೆಂದೇ ಎಡದಂಡೆ ಕಾಲುವೆಯನ್ನು 220 ಕಿಲೋಮೀಟರಿಗೂ ಮಿಕ್ಕಿ ಉದ್ದಕ್ಕೆ, ರಾಯಚೂರಿನ ಬಯಲಿನ ತನಕ ಒಯ್ದರು. ಸುಮಾರು 6 ಲಕ್ಷ ಎಕರೆಯನ್ನು ಸರ್ವೆ ನಂಬರ್‌ವಾರು ಗುರುತಿಸಿ, ಯಾವ ಹೊಲಕ್ಕೆ ಯಾವ ಬೆಳೆ ಎಂದು ಬರೆದರು. ಭತ್ತಕ್ಕೆ ಸಿಕ್ಕಿದ್ದು ಒಂದು ಸಣ್ಣ ಪಾಲು. ಉಳಿದದ್ದೆಲ್ಲ ಅರೆ ನೀರಾವರಿಯ ಬೆಳೆಗೆ ಮೀಸಲಾಯಿತು.

ಆ ಹಂಚಿಕೆಗಾಗಿ ತೊಂಬತ್ತರಷ್ಟು ಊರುಗಳು ಮುಳುಗಿದವು. ನಾರಾಯಣದೇವರಕೆರೆಯಂಥ ಊರಿನ ಜನ ಗುಡಿ, ಮನೆ, ಹೊಲ ಎಲ್ಲ ನೀರಿಗೆ ಬಿಟ್ಟು ಎದ್ದು ಹೋದರು. ಬರಪೀಡಿತರೆಲ್ಲರಿಗೂ ನೀರು ಹೋಗುತ್ತದೆಂದು ನಂಬಿಸಿ ಅವರನ್ನು ಎಬ್ಬಿಸಲಾಯಿತು. ಕಾಲುವೆಯ ಮೇಲ್ಭಾಗದವರು ಎರಡು ಬೆಳೆ ಭತ್ತ ಬೆಳೆಯಲಿ ಎಂದು ಯಾರಾದರೂ ಅವರ ಊರು ಕೇಳಿದ್ದರೇ? ಕೇಳಿದ್ದರೆ ಅವರು ಕೊಡುತ್ತಿದ್ದರೇ?

ಆಮೇಲೆ ಆದದ್ದು ಕಣ್ಣಮುಂದಿದೆ. ಗಂಗಾವತಿ, ಕಾರಟಗಿ, ಸಿಂಧನೂರು ಸುತ್ತ ಕಣ್ಣು ಹಾಯುವಷ್ಟೂ ಗದ್ದೆ. ಅದನ್ನು ಭತ್ತದ ಕಣಜ ಎಂದು ಕರೆದು ಹೆಮ್ಮೆಪಟ್ಟೆವು. ಆ ಕಣಜ ತುಂಬಿದ್ದು ಯಾರ ಪಾಲಿನ ನೀರಿನಿಂದ ಎಂದು ಕೇಳಲಿಲ್ಲ. ಒಂದು ಎಕರೆ ಭತ್ತ ಕುಡಿಯುವ ನೀರಿನಲ್ಲಿ ಎರಡು ಎಕರೆಗೂ ಹೆಚ್ಚು ಜೋಳ ಬೆಳೆಯಬಹುದು ಎಂಬುದು ಇಲ್ಲಿನ ಯಾವ ರೈತರಿಗೂ ಹೊಸ ಸಂಗತಿಯಲ್ಲ. ಹಾಗಿದ್ದೂ ಮೇಲಿನ ಗದ್ದೆ ತುಂಬುತ್ತದೆ, ಕೆಳಗಿನ ಹೊಲ ಬಿರಿಯುತ್ತದೆ. ಕಾಲುವೆಯ ಮೈಲ್ 69ರಲ್ಲಿ ಗೇಜ್, ಅಂದರೆ ನಿಗದಿತ ನೀರಿನ ಮಟ್ಟ, ಕಾಪಾಡಿ ಎಂದು ರಾಯಚೂರು ಜಿಲ್ಲೆಯ ಕೊನೆ ಭಾಗದ ರೈತರು ಕೂಗದ ವರ್ಷವಿಲ್ಲ. ಕಾಲುವೆಯ ದಂಡೆಗೆ ಪೊಲೀಸರನ್ನು ನಿಲ್ಲಿಸಿ, ನಿಷೇಧಾಜ್ಞೆ ಹಾಕಿ ನೀರು ಹರಿಸಬೇಕಾಗಿ ಬಂದದ್ದುಂಟು. ತಮ್ಮದೇ ಜಿಲ್ಲೆಯ, ತಮ್ಮದೇ ಬೀಗರ ಊರುಗಳ ನಡುವೆ ನೀರು ಹೋಗಲು ಲಾಠಿ ಬೇಕಾಗುವ ಸ್ಥಿತಿಯನ್ನು ಸಹಜ ಎಂದುಕೊಂಡ ಸಮಾಜ ಎಲ್ಲಿಗೆ ಬಂದು ನಿಂತಿದೆ?

ಇನ್ನು ಆಡಳಿತ. ಹಂಗಾಮಿಗೆ ಮುನ್ನ ನೀರಾವರಿ ಸಲಹಾ ಸಮಿತಿ, ನಾವೆಲ್ಲ ಐಸಿಸಿ ಎನ್ನುವ ಸಭೆ, ಸೇರುತ್ತದೆ. ಕೊನೆ ಭಾಗಕ್ಕೆ ನೀರು ತಲುಪಿಸಬೇಕು, ಅಕ್ರಮ ನೀರಾವರಿ ತಡೆಯಬೇಕು, ಬೆಳೆ ಪದ್ಧತಿ ಉಲ್ಲಂಘಿಸಬಾರದು ಎಂದು ಎಲ್ಲ ಪಕ್ಷದ ಶಾಸಕರೂ ಒಕ್ಕೊರಲಿನಿಂದ ಒಪ್ಪುತ್ತಾರೆ. ಅದೇ ಸಭೆಯಲ್ಲಿ ಭತ್ತದ ನಾಟಿಗೆ, ಭತ್ತ ತೆನೆ ಬಿಡುವ ಹೊತ್ತಿಗೆ ಹೊಂದುವಂತೆ ನೀರು ಬಿಡುವ ದಿನಗಳು ನಿಗದಿಯಾಗುತ್ತವೆ. ಬೆಳೆ ಪದ್ಧತಿ ಉಲ್ಲಂಘನೆಗೆ ದಂಡ ವಿಧಿಸಲು 1965ರ ಕರ್ನಾಟಕ ನೀರಾವರಿ ಕಾಯ್ದೆಯಲ್ಲಿ ಅವಕಾಶವಿದೆ. 2024ರಲ್ಲಿ ಅದಕ್ಕೆ ತಿದ್ದುಪಡಿ ತಂದು ನೀರುಗಳ್ಳತನದ ಶಿಕ್ಷೆಯನ್ನು ಬಿಗಿಗೊಳಿಸಿದರು. ಆದರೆ ಕಾಲುವೆಯ ಮೇಲೆ ರಾತ್ರಿ ಹೊತ್ತು ಆ ಕಾಯ್ದೆಯನ್ನು ಕಾಯುವವರು ಯಾರು? ಕೈಯಲ್ಲೊಂದು ಬ್ಯಾಟರಿ ಹಿಡಿದ ಹಂಗಾಮಿ ಗ್ಯಾಂಗ್‌ಮನ್. ತಿಂಗಳ ಸಂಬಳಕ್ಕೇ ಧರಣಿ ಕೂರಬೇಕಾದವರು ಅವರು. ತೂಬು ಒಡೆದವರ ಹಿಂದೆ ಶಾಸಕರು ನಿಂತಿರುವಾಗ, ಅದೇ ಶಾಸಕರು ಒಪ್ಪಿದ ಠರಾವನ್ನು ಜಾರಿ ಮಾಡುವ ಹೊಣೆ ಆ ಬಡವರ ಹೆಗಲಿಗೆ. ಇಡೀ ವ್ಯವಸ್ಥೆ ಒಪ್ಪಿದ್ದನ್ನು ಬಯಸುವವರು ಒಬ್ಬರೂ ಇಲ್ಲದಿದ್ದಾಗ ಕಾಯ್ದೆ ಇದ್ದೇನು ಫಲ?

ಇಲ್ಲಿಗೆ ಬಂದಾಗ ವಾದ ಮಾಡುವವರು ಮತ್ತೆ ಅದೇ ಮಾತಿಗೆ ಮರಳುತ್ತಾರೆ. ನೋಡಿ, ಆಸೆಯ ಮುಂದೆ ಕಾಯ್ದೆ ನಿಲ್ಲಲಿಲ್ಲ, ಅದು ಮನುಷ್ಯಸ್ವಭಾವ ಎನ್ನುತ್ತಾರೆ. ನಾನು ಕೇಳುವುದು ಇಷ್ಟೇ: ಕೊಪ್ಪಳ ಸೀಮೆಯ ರೈತರಿಗೆ ಭತ್ತದ ಆಸೆ ಯಾವಾಗ ಹುಟ್ಟಿತು? ಅವರ ಅಜ್ಜ ಅಜ್ಜಿಯರ ಹಬ್ಬದಡುಗೆಯಲ್ಲಿ ಅನ್ನ ಇತ್ತು, ದಿನದ ಊಟದಲ್ಲಿ ರೊಟ್ಟಿ ಇತ್ತು. ಅವರು ಬಯಸಿದ್ದು ತುಂಬಿದ ಜೋಳದ ಹಗೇವು. ಅಲ್ಲಿಂದ ಇಲ್ಲಿಗೆ ಆಸೆ ತಾನಾಗಿ ನಡೆದು ಬರಲಿಲ್ಲ. ಅದನ್ನು ನಡೆಸಿಕೊಂಡು ಬಂದವರಿದ್ದಾರೆ.

ನೀರು ಬಂದ ಮೊದಲ ವರ್ಷಗಳಲ್ಲಿ ಇಲ್ಲಿನವರು ಕಾಲುವೆ ನೀರನ್ನು ಅನುಮಾನದಿಂದಲೇ ನೋಡಿದರು. ಎರೆ ಹೊಲಕ್ಕೆ ನೀರು ಬಿಟ್ಟರೆ ಕೆಡುತ್ತದೆಂಬ ಭಯ, ಹೊಲ ಸಮ ಮಾಡಲು ದುಡ್ಡಿಲ್ಲದ ಬಡತನ. ಆಗ ಗೋದಾವರಿ, ಕೃಷ್ಣಾ ಮುಖಜಭೂಮಿಯಿಂದ ಬಂದವರು ಅಗ್ಗಕ್ಕೆ ಹೊಲ ಕೊಂಡರು, ಶ್ರೀರಾಮನಗರದಂಥ ಊರುಗಳನ್ನೂ ಕ್ಯಾಂಪುಗಳನ್ನೂ ಕಟ್ಟಿಕೊಂಡರು. ತಮಗೆ ಗೊತ್ತಿದ್ದ ಬೇಸಾಯವನ್ನು ಹಗಲಿರುಳು ದುಡಿದು ಮಾಡಿದರು. ಅವರ ದುಡಿಮೆಯ ಮೇಲೆ ನನ್ನ ತಕರಾರಿಲ್ಲ. ವಲಸೆ ಬಂದವರೆಂದು ಅವರ ಕಡೆ ಬೆರಳು ತೋರಿಸಿ ಪಾರಾಗುವವರ ಮೇಲೆ ಇದೆ, ಏಕೆಂದರೆ ಭತ್ತದ ಹಿಂದೆ ಸಾಲ, ಗೊಬ್ಬರ, ಗಿರಣಿ, ರಸ್ತೆ ಎಲ್ಲವನ್ನೂ ಸಾಲಾಗಿ ತಂದು ನಿಲ್ಲಿಸಿದ್ದು ಸರಕಾರ ಮತ್ತು ಮಾರುಕಟ್ಟೆ. ಭತ್ತಕ್ಕೆ ಬ್ಯಾಂಕು ಸಾಲ ಕೊಟ್ಟಿತು, ದಲ್ಲಾಳಿ ಮುಂಗಡ ಕೊಟ್ಟರು. ಹೊಲದ ಬದುವಿಗೇ ಲಾರಿ ಬಂದು ನಿಂತಿತು. ಜೋಳ ಬೆಳೆದವರ ಮನೆಗೆ ಯಾರು ಬಂದರು?

ಬೆಲೆಯ ಲೆಕ್ಕ ನೋಡಿ. 2025-26ಕ್ಕೆ ಕೇಂದ್ರ ಸರಕಾರ ಸಾಮಾನ್ಯ ಭತ್ತಕ್ಕೆ ಕ್ವಿಂಟಲಿಗೆ 2,369 ರೂಪಾಯಿ, ಹೈಬ್ರಿಡ್ ಜೋಳಕ್ಕೆ 3,699 ರೂಪಾಯಿ ಬೆಂಬಲ ಬೆಲೆ ಸಾರಿತು. ಕಾಗದದ ಮೇಲೆ ಜೋಳವೇ ಮೇಲು. ಆದರೆ ಭತ್ತ ಎಕರೆಗೆ 75 ಕೆಜಿಯ 35-40 ಚೀಲ ಇಳಿಯುವ ನೆಲದಲ್ಲಿ ಜೋಳದ ತೂಕ ಅದರ ಅರ್ಧಕ್ಕೂ ಬರುವುದಿಲ್ಲ. ಬೆಂಬಲ ಬೆಲೆಯ ಜೋಳದ ಖರೀದಿ ಕೇಂದ್ರ ತೆರೆಯುವ ಹೊತ್ತಿಗೆ ಸಾಲಗಾರರ ಕಾಟ ತಾಳದ ಸಣ್ಣ ರೈತರು ರಾಶಿಯನ್ನು ಸಿಕ್ಕ ಬೆಲೆಗೆ ಮಾರಿರುತ್ತಾರೆ. ತೆರೆದ ಮೇಲೂ ಎಕರೆಗೆ ಇಷ್ಟೇ ಎಂಬ ಮಿತಿ, ನೋಂದಣಿಯ ಸಾಲು, ಹಣಕ್ಕಾಗಿ ಕಾಯುವ ತಿಂಗಳುಗಳು. ಎಕರೆಯ ಲೆಕ್ಕದಲ್ಲಿ ಭತ್ತವೇ ಗೆಲ್ಲುವಂತೆ ಆಟ ಕಟ್ಟಿ, ರೈತರು ಭತ್ತವನ್ನೇ ಬಯಸುತ್ತಾರೆ ಎಂದು ದೂರುವುದು ಯಾವ ನ್ಯಾಯ? ನೀರಿನ ಲೆಕ್ಕದಲ್ಲಿ, ಒಂದು ಅಡಿ ನೀರಿಗೆ ಇಷ್ಟು ಎಂದು, ಬೆಲೆ ಕಟ್ಟಿದ್ದರೆ ಇದೇ ರೈತರ ಆಸೆ ಬೇರೆ ಕಡೆ ತಿರುಗುತ್ತಿತ್ತು. ಆ ಲೆಕ್ಕವನ್ನು ಯಾರೂ ಹಾಕಲಿಲ್ಲ. ನೀರು ಮಾತ್ರ ಲೆಕ್ಕಕ್ಕೆ ಸಿಗದೆ ಹರಿದು ಹೋಯಿತು.

ಉಣ್ಣುವವರನ್ನೂ ಬಿಡುವಂತಿಲ್ಲ. ವಿಶ್ವಸಂಸ್ಥೆ 2023ನ್ನು ಸಿರಿಧಾನ್ಯ ವರ್ಷವೆಂದು ಸಾರಿತು. ಊರೂರಲ್ಲಿ ಮೇಳಗಳಾದವು, ಭಾಷಣಗಳಾದವು. ನಮ್ಮ ಸರಕಾರವೂ ಅದಕ್ಕೆ ಮೊದಲೇ ರೈತಸಿರಿ ಯೋಜನೆಯಲ್ಲಿ ಸಿರಿಧಾನ್ಯ ಬೆಳೆದರೆ ಹೆಕ್ಟೇರಿಗೆ 10,000 ರೂಪಾಯಿ ಕೊಡುವುದಾಗಿ ಹೇಳಿತ್ತು. ಮೇಳ ಮುಗಿಸಿ ಮನೆಗೆ ಹೋದವರು ಉಂಡದ್ದು ಸೋನಾ ಮಸೂರಿ. ಬೆಂಗಳೂರಿನ ಅಂಗಡಿಯಲ್ಲಿ ಹೊಳಪು ಕೊಟ್ಟ, ಸಣ್ಣ ಕಾಳಿನ, ಒಂದು ವರ್ಷ ಹಳೆಯ ಅಕ್ಕಿ ಬೇಕೆಂದು ಆರಿಸಿ ಕೊಳ್ಳುವವರು ಗಂಗಾವತಿಯ ತೂಬಿನ ಮೇಲೆ ಕೈಯಿಟ್ಟಿದ್ದಾರೆ ಎಂಬುದು ಅವರಿಗೆ ತಿಳಿಯಬೇಕು. ಪಡಿತರದ ಚೀಲದಲ್ಲಿ, ಹಾಸ್ಟೆಲಿನ ತಟ್ಟೆಯಲ್ಲಿ, ಶಾಲೆಯ ಬಿಸಿಯೂಟದಲ್ಲಿ ಅನ್ನವನ್ನೇ ಮುಖ್ಯ ಮಾಡಿ, ರೊಟ್ಟಿಯ ನಾಡಿನ ಮಕ್ಕಳ ನಾಲಿಗೆಯನ್ನು ಬದಲಿಸಿದ್ದೇವೆ. ನಾಲಿಗೆ ಬದಲಾಯಿತೆಂದರೆ ಗದ್ದೆ ಬದಲಾಯಿತು, ಗದ್ದೆ ಬದಲಾಯಿತೆಂದರೆ ಕಾಲುವೆಯ ಹರಿವೇ ಬದಲಾಯಿತು. ಎರಡು ತಲೆಮಾರಿನಲ್ಲಿ ಒಂದು ಸೀಮೆಯ ರುಚಿಯನ್ನೇ ತಿರುಗಿಸಬಲ್ಲ ಸರಕಾರಕ್ಕೆ ಅದನ್ನು ಮರಳಿ ತಿರುಗಿಸಲು ಆಗುವುದಿಲ್ಲವೇ?

ಗಂಗಾವತಿ ಇರುವ ಕೊಪ್ಪಳ ಜಿಲ್ಲೆಯಲ್ಲೇ ಕುಷ್ಟಗಿ ಇದೆ, ಯಲಬುರ್ಗಾ ಇದೆ. ಈ ಕಾಲುವೆಯ ಒಂದು ಹನಿಯನ್ನೂ ಕಾಣದ ಹೊಲಗಳು ಅಲ್ಲಿವೆ. ಮಳೆಯನ್ನೇ ನಂಬಿ ಸಜ್ಜೆ, ಜೋಳ, ತೊಗರಿ, ಹೆಸರು ಬಿತ್ತುವವರು ಅಲ್ಲಿದ್ದಾರೆ. ನಾವು ವೇದಿಕೆಯಲ್ಲಿ ಹೊಗಳುವ ಬೇಸಾಯ ಅವರದು. ಹೊಗಳಿಕೆಯ ಆಚೆಗೆ ಅವರಿಗೆ ಸಿಕ್ಕಿದ್ದೇನು? ಮಳೆ ತಪ್ಪಿದ ವರ್ಷ ಗಂಟುಮೂಟೆ ಕಟ್ಟಿ ಮಂಗಳೂರಿಗೆ, ಗೋವಾಕ್ಕೆ, ಬೆಂಗಳೂರಿಗೆ ಗುಳೆ. 1997ರಲ್ಲಿ ಕೊಪ್ಪಳ ಜಿಲ್ಲೆಯಾದಾಗ ಒಂದೇ ಜಿಲ್ಲೆಯೊಳಗೆ ಗದ್ದೆಯೂ ಗುಳೆಯೂ ಅಕ್ಕಪಕ್ಕ ಕೂತವು. ಮೆಚ್ಚುವ ಬೆಳೆಗೆ ಬರೀ ಮೆಚ್ಚುಗೆ, ಬಯಸುವ ಬೆಳೆಗೆ ನೀರು, ಸಾಲ, ಗಿರಣಿ, ಮಾರುಕಟ್ಟೆ. ಇದನ್ನು ಕಣ್ಣಾರೆ ನೋಡಿ ಬೆಳೆದ ಹುಡುಗ ಸಜ್ಜೆ ಬಿತ್ತಲು ಬಯಸಲಿ ಎಂದು ಯಾವ ಬಾಯಲ್ಲಿ ಹೇಳುತ್ತೀರಿ?

ಎದುರುವಾದಗಳು ಮೂರಿವೆ. ವಿಜಯನಗರದ ಕಾಲದಿಂದಲೂ ಇಲ್ಲಿ ಭತ್ತ ಇದೆ ಎಂಬುದು ಒಂದು. ನಿಜ, ಹುಲಿಗಿ, ಆನೆಗೊಂದಿ, ಗಂಗಾವತಿ ಕಡೆಯ ಹಳೆಯ ಕಾಲುವೆಗಳ ಗದ್ದೆ, ಬಾಳೆತೋಟ ಇಂದಿಗೂ ಇವೆ. ಅವು ನದಿಯ ಮಗ್ಗುಲಿನ ತಗ್ಗು ನೆಲಕ್ಕೆ ತೋಡಿದ ಪುಟ್ಟ ಕಾಲುವೆಗಳು. ಆ ಹೆಸರು ಹೇಳಿ 6 ಲಕ್ಷ ಎಕರೆಯ ಪಾಲನ್ನು ಮೇಲ್ಭಾಗದಲ್ಲಿ ಮುಗಿಸುವುದು ಇತಿಹಾಸಕ್ಕೂ ಅನ್ಯಾಯ. ತಮ್ಮ ಹೊಲದಲ್ಲಿ ಏನು ಬೆಳೆಯಬೇಕೆಂಬುದು ರೈತರ ಸ್ವಾತಂತ್ರ್ಯ ಎಂಬುದು ಇನ್ನೊಂದು. ಹೊಲ ಅವರದು, ಒಪ್ಪಿದೆ. ನೀರು ಯಾರದು? ಸಿರವಾರದ ರೈತರಿಗೂ ಅವರ ಹೊಲದ ಮೇಲೆ ಸ್ವಾತಂತ್ರ್ಯ ಇರಬೇಕಲ್ಲ, ನೀರಿಲ್ಲದ ಹೊಲದಲ್ಲಿ ಅದನ್ನು ಏನು ಮಾಡಿಕೊಳ್ಳಬೇಕು?

ನನ್ನನ್ನು ಹೆಚ್ಚು ಕೆರಳಿಸುವುದು ಮೂರನೆಯದು: ಈಗ ಈ ನೆಲದಲ್ಲಿ ಭತ್ತ ಬಿಟ್ಟು ಬೇರೇನೂ ಬರುವುದಿಲ್ಲ ಎಂಬ ವಾದ. ಯಾಕೆ ಬರುವುದಿಲ್ಲ? ವರ್ಷಕ್ಕೆ ಎರಡು ಸಲ, ದಶಕಗಟ್ಟಲೆ ನೀರು ನಿಲ್ಲಿಸಿ ನಿಲ್ಲಿಸಿ ಎರೆ ಭೂಮಿ ಜೌಗಾಯಿತು, ಉಪ್ಪು ಮೇಲೆದ್ದಿತು, ಸವಳು ಹಬ್ಬಿತು. ಗಂಗಾವತಿಯ ಕೃಷಿ ಸಂಶೋಧನಾ ಕೇಂದ್ರದ ವಿಜ್ಞಾನಿಗಳು ಸವಳು ನೆಲದ ಮೇಲೆ ವರ್ಷಗಳಿಂದ ಕೆಲಸ ಮಾಡುತ್ತಿದ್ದಾರೆ, ನೆಲದಡಿ ಬಸಿಗಾಲುವೆ ಹಾಕುವುದನ್ನು ಕಲಿಸುತ್ತಿದ್ದಾರೆ. ಒಂದು ಬೆಳೆ ನೆಲ ಕೆಡಿಸಿತು, ಕೆಟ್ಟ ನೆಲದಲ್ಲಿ ಅದೊಂದೇ ಬೆಳೆ ಬರುತ್ತದೆ, ಹಾಗಾಗಿ ಅದನ್ನೇ ಮುಂದುವರಿಸೋಣ ಎಂದರೆ ಕುಡಿತದಿಂದ ಕೈ ನಡುಗುವವನು ನಡುಕ ನಿಲ್ಲಲು ಮತ್ತೆ ಕುಡಿದಂತೆ.

ಈ ನಡುವೆ ಅಣೆಕಟ್ಟೇ ಎಚ್ಚರಿಕೆ ಕೊಟ್ಟಿತು. 2024ರ ಆಗಸ್ಟ್ 10ರ ರಾತ್ರಿ 19ನೇ ಕ್ರೆಸ್ಟ್ ಗೇಟಿನ ಸರಪಳಿ ತುಂಡಾಗಿ ಗೇಟು ಕೊಚ್ಚಿಹೋಯಿತು. ತುಂಬಿದ ಜಲಾಶಯದ ನೀರು ನದಿಗೆ ಹೋಗುವುದನ್ನು ನಾಲ್ಕು ಜಿಲ್ಲೆಯ ಜನ ಎದೆ ಹಿಡಿದು ನೋಡಿದರು. ಗೇಟು ತಜ್ಞ ಕನ್ನಯ್ಯ ನಾಯ್ಡು ಅವರ ಮಾರ್ಗದರ್ಶನದಲ್ಲಿ ಹರಿಯುವ ನೀರಿನಲ್ಲೇ ಸ್ಟಾಪ್‌ಲಾಗ್ ಎಂಬ ತಾತ್ಕಾಲಿಕ ತಡೆ ಇಳಿಸಿ, ಒಂದು ವಾರದೊಳಗೆ ನೀರು ತಡೆದರು. 2025ರಲ್ಲಿ ಗೇಟುಗಳ ಸುರಕ್ಷತೆಗಾಗಿ ಸಂಗ್ರಹವನ್ನು 80 ಟಿಎಂಸಿಗೆ ಮಿತಿಗೊಳಿಸಿದರು. 33 ಗೇಟುಗಳನ್ನೂ ಬದಲಿಸಬೇಕಾಯಿತು, ಅದಕ್ಕಾಗಿ ಎರಡನೇ ಬೆಳೆಗೆ ನೀರಿಲ್ಲ ಎಂಬ ತೀರ್ಮಾನ ಬಂತು. ರೈತರು ಬೀದಿಗೆ ಬಂದರು, ನಷ್ಟದ ಪರಿಹಾರ ಕೇಳಿದರು. ಕೇಳುವ ಹಕ್ಕು ಅವರಿಗಿದೆ. ಆದರೆ ಅಂದು ನಡೆದ ಇಷ್ಟೆಲ್ಲ ಚರ್ಚೆಯಲ್ಲಿ, ಎರಡನೇ ಬೆಳೆಯನ್ನು ಎಂದೂ ಕಾಣದ ಕೊನೆ ಭಾಗದವರಿಗೆ ಎಪ್ಪತ್ತು ವರ್ಷದ ಪರಿಹಾರ ಏನು ಎಂದು ಒಬ್ಬ ನಾಯಕರಾದರೂ ಕೇಳಿದರೇ?

ನಾಯಕರೆಲ್ಲರ ಬಾಯಲ್ಲಿದ್ದದ್ದು ನವಲಿ. 133 ಟಿಎಂಸಿ ಹಿಡಿಯುತ್ತಿದ್ದ ಜಲಾಶಯ ಹೂಳಿನಿಂದ 105 ಟಿಎಂಸಿ ಚಿಲ್ಲರೆಗೆ ಇಳಿದಿದೆ, ಕಳೆದುಹೋದ ನೀರಿಗೆ ನವಲಿ ಬಳಿ ಸಮಾನಾಂತರ ಜಲಾಶಯ ಆಗಬೇಕು ಎಂಬುದು ಬಹುಕಾಲದ ಬೇಡಿಕೆ. ಆಗಲಿ. ಆದರೆ ನವಲಿಯಲ್ಲಿ ಹಿಡಿದ ನೀರು ಯಾವ ಬೆಳೆಗೆ ಹೋಗುತ್ತದೆ? ಮೇಲಿನ ಗದ್ದೆಯ ಆಸೆ ಹಾಗೇ ಇದ್ದರೆ ಇನ್ನೊಂದು ಜಲಾಶಯವೂ ಅದರ ಪಾಲೇ. ಮತ್ತಷ್ಟು ಊರು ಮುಳುಗಿಸಿ, ಮತ್ತಷ್ಟು ಸಾವಿರ ಕೋಟಿ ಸುರಿದು ಅದೇ ಅನ್ಯಾಯವನ್ನು ದೊಡ್ಡದು ಮಾಡುವ ಮುನ್ನ ಈ ಪ್ರಶ್ನೆಗೆ ಉತ್ತರ ಕೊಡಬೇಕು.

ಆಸೆ ಬದಲಾಗುವುದಿಲ್ಲ ಎನ್ನುವವರು ಹಿರೇಹಳ್ಳಕ್ಕೆ ಬರಲಿ. 2019ರಲ್ಲಿ ಕೊಪ್ಪಳದ ಗವಿಮಠದ ಅಭಿನವ ಗವಿಸಿದ್ಧೇಶ್ವರ ಸ್ವಾಮೀಜಿ ಕಸ, ಮುಳ್ಳುಕಂಟಿ, ಹೂಳಿನಿಂದ ಮುಚ್ಚಿಹೋಗಿದ್ದ ಹಳ್ಳಕ್ಕೆ ತಾವೇ ಇಳಿದು ನಿಂತರು. ಹಳ್ಳ ಹಸನಾಗಿರಬೇಕೆಂದು ಅದಕ್ಕೂ ಮೊದಲು ಎಲ್ಲರೂ ಒಪ್ಪುತ್ತಿದ್ದರು, ಯಾರೂ ಬಯಸಿರಲಿಲ್ಲ. ಸ್ವಾಮೀಜಿ ಇಳಿದ ಮೇಲೆ ಊರ ಮಂದಿ ದುಡ್ಡು ಕೊಟ್ಟರು, ಜೆಸಿಬಿ ಕೊಟ್ಟರು, ಬುತ್ತಿ ಕಟ್ಟಿಕೊಂಡು ಬಂದರು. ಕಿಲೋಮೀಟರುಗಟ್ಟಲೆ ಹಳ್ಳ ಬಯಲಾಯಿತು. ಅದೇ ಜನ, ಅದೇ ಜಿಲ್ಲೆ. ಯಾರೂ ಕೇಸು ಹಾಕಲಿಲ್ಲ, ಲಾಠಿ ಬೀಸಲಿಲ್ಲ. ಒಪ್ಪಿದ್ದನ್ನು ಬಯಸುವಂತೆ ಮಾಡುವ ಕೆಲಸವನ್ನು ಒಬ್ಬರು ಹೆಗಲಿಗೆ ಹಾಕಿಕೊಂಡರು. ಹಳ್ಳಕ್ಕೆ ಆದದ್ದು ಕಾಲುವೆಗೆ ಯಾಕಾಗಬಾರದು?

ಆದ್ದರಿಂದ ಬೋಧನೆ ನಿಲ್ಲಲಿ, ಕೆಲಸ ಶುರುವಾಗಲಿ. ಬೆಳೆ ಪದ್ಧತಿ ಪಾಲಿಸುವ ರೈತರಿಗೆ ನಷ್ಟವಾಗದಂತೆ ಜೋಳಕ್ಕೆ, ಹತ್ತಿಗೆ, ತೊಗರಿಗೆ ಎಕರೆಯ ಲೆಕ್ಕದಲ್ಲಿ ಆದಾಯದ ಭರವಸೆ ಕೊಡಿ. ಉಳಿಸಿದ ನೀರಿಗೆ ದುಡ್ಡು ಕೊಡಿ, ಗದ್ದೆಯವರು ತಾವಾಗಿಯೇ ಲೆಕ್ಕ ಹಾಕುತ್ತಾರೆ. ಭತ್ತ ಬಿಡಲಾಗದ ಜೌಗು ನೆಲದಲ್ಲಿ ನಾಟಿಯ ಬದಲು ಕೂರಿಗೆ ಬಿತ್ತನೆ ಬರಲಿ. ಸಿಂಧನೂರು, ಗಂಗಾವತಿ ಕಡೆ ಕೂರಿಗೆ ಭತ್ತ ಮಾಡಿ ನೀರು, ಕೂಲಿ ಎರಡನ್ನೂ ಉಳಿಸಿದ ರೈತರು ಈಗಾಗಲೇ ಇದ್ದಾರೆ. ಅವರನ್ನು ಹುಡುಕಿ ಸನ್ಮಾನಿಸುವುದಕ್ಕಿಂತ ಅವರ ಪಕ್ಕದ ಹೊಲದವರಿಗೆ ಕೂರಿಗೆ ಯಂತ್ರ ಕೊಡಿಸಿ. ಜೋಳದ ಖರೀದಿ ಕೇಂದ್ರ ರಾಶಿಗಿಂತ ಮೊದಲೇ ತೆರೆಯಲಿ, ಹಣ ವಾರದೊಳಗೆ ಬರಲಿ. ಆ ಜೋಳ ಇದೇ ಜಿಲ್ಲೆಯ ಪಡಿತರಕ್ಕೆ, ಹಾಸ್ಟೆಲಿಗೆ, ಅಂಗನವಾಡಿಗೆ ಹೋಗಲಿ. ರೊಟ್ಟಿ ಬಡಿಯುವ ಹೆಣ್ಣುಮಕ್ಕಳ ಸಂಘಗಳು ಊರೂರಲ್ಲಿ ಇವೆ, ಬಿಸಿಯೂಟದ ರೊಟ್ಟಿಯ ಗುತ್ತಿಗೆ ಅವರಿಗೆ ಸಿಗಲಿ.

ಕುಷ್ಟಗಿ, ಯಲಬುರ್ಗಾದ ಸಜ್ಜೆಗೆ ಗಂಗಾವತಿಯ ಅಕ್ಕಿಗಿರುವಂಥ ಗಿರಣಿ, ಗೋದಾಮು, ಹೆಸರು ಬೇಕು. ತೋಟಗಾರಿಕೆ ಕಾಲೇಜು, ಸಂಶೋಧನಾ ಕೇಂದ್ರ, ಅಚ್ಚುಕಟ್ಟು ಪ್ರಾಧಿಕಾರ ಮುನಿರಾಬಾದ್, ಗಂಗಾವತಿಯ ಸುತ್ತಲೇ ಇವೆ. ಎಲ್ಲ ಸೇರಿ ಒಂದೊಂದು ಉಪಕಾಲುವೆಯನ್ನು ಆರಿಸಿಕೊಂಡು, ಒಪ್ಪಿದ ಬೆಳೆಯಲ್ಲಿ ದುಡ್ಡು ಮಾಡುವುದನ್ನು ರೈತರ ಕಣ್ಣೆದುರೇ ಮಾಡಿ ತೋರಿಸಬೇಕು.

ಇನ್ನು ಐಸಿಸಿ ಸಭೆ. ಮುಂದಿನ ಹಂಗಾಮಿನ ಸಭೆ ಬೆಂಗಳೂರಿನಲ್ಲಾಗಲಿ, ಮುನಿರಾಬಾದ್‌ನಲ್ಲಾಗಲಿ ಸೇರಬಾರದು. ಕಾಲುವೆಯ ಕೊನೆಯ ಊರಿನ ಶಾಲೆಯ ಅಂಗಳದಲ್ಲಿ ಸೇರಬೇಕು. ಕಳೆದ ಹಂಗಾಮಿನಲ್ಲಿ ಯಾವ ಉಪಕಾಲುವೆಗೆ ಎಷ್ಟು ನೀರು ಹೋಯಿತು, ಎಷ್ಟು ಎಕರೆ ಯಾವ ಬೆಳೆ ಬಂತು ಎಂಬ ಪಟ್ಟಿಯನ್ನು ಅಲ್ಲಿನ ಗೋಡೆಗೆ ಅಂಟಿಸಬೇಕು. ಮೇಲ್ಭಾಗದ ಶಾಸಕರು ಆ ಪಟ್ಟಿಯ ಮುಂದೆ ನಿಂತು, ಕೊನೆ ಭಾಗದ ರೈತರ ಮುಖ ನೋಡುತ್ತ, ಜನರ ಆಸೆಯನ್ನು ಯಾರೂ ತಡೆಯಲಾರರು ಎಂದು ಹೇಳಲಿ. ಹೇಳಲಾಗದಿದ್ದರೆ ಅಲ್ಲಿಯೇ ಕೂತು ಮುಂದಿನ ಹಂಗಾಮಿನ ಬೆಳೆ ಯಾವುದು, ಅದಕ್ಕೆ ಬೆಲೆ ಎಷ್ಟು, ನೀರು ಎಂದು ಎಂಬುದನ್ನು ಬರೆದು ಸಹಿ ಹಾಕಿ ಏಳಲಿ.